ಜೇಬಿನಲ್ಲಿದ್ದ ಫ್ಯೂಸು

ನಾಗಲಮಡಿಕೆ, ಪಾವಗಡ ತಾಲ್ಲೂಕು
೧೧ ಆಗಸ್ಟ್ ೧೯೬೩

ಶಿರಾದ ಫಜಲುಲ್ಲಾ ಸಾಹೇಬರಿಗೆ ಓಬಯ್ಯ ಮಾಡುವ ನಮಸ್ಕಾರಗಳು.

ನೀವು ನನ್ನನ್ನು ಬಲ್ಲವರಲ್ಲ. ನಾನು ಈ ಊರಿನ ಹೊರಗೆ ದಾಸಯ್ಯನವರ ತೋಟದ ಪಂಪ್‌ಮನೆ ನೋಡಿಕೊಂಡು ಮನೆಮಂದಿಯ ಜೊತೆ ಅಲ್ಲೇ ಇರುವವನು. ‘ಕೌತುಕ ದರ್ಪಣ’ ಮಾಸಪತ್ರಿಕೆಯಲ್ಲಿ ನೀವು ಬರೆಯುತ್ತಿರುವ ‘ಸದ್ದಿಲ್ಲದ ಕೋವಿ’ಯ ಮೂರು ಕಂತುಗಳನ್ನೂ ಓದಿದ್ದೇನೆ. ನಿಮ್ಮ ಮೋಟಾರ್ ರೀವೈಂಡಿಂಗ್ ಅಂಗಡಿಯ ವಿಳಾಸ ಪತ್ರಿಕೆಯಲ್ಲೇ ಇತ್ತು.

ಇಂಥ ಕಥೆಗಳನ್ನು ನಾನು ನಂಬುವುದಿಲ್ಲ. ಒಬ್ಬರು ಕಿರಣ ಬಿಟ್ಟು ಬೆಟ್ಟ ಕರಗಿಸುತ್ತಾರೆ. ಆ ಕಿರಣಕ್ಕೆ ಕರೆಂಟು ಎಲ್ಲಿಂದ ಬಂತು ಎಂದು ಅವರೂ ಹೇಳುವುದಿಲ್ಲ, ಓದುವವರೂ ಕೇಳುವುದಿಲ್ಲ. ನಿಮ್ಮದು ಹಾಗಲ್ಲ. ನಿಮ್ಮ ಎಂಜಿನಿಯರ್ ವೀರಸೇನ ಕೊಳವೆಗೆ ತಾಮ್ರದ ತಂತಿ ಸುತ್ತುತ್ತಾನೆ, ಕಂಡೆನ್ಸರುಗಳಲ್ಲಿ ಕರೆಂಟು ತುಂಬಿಡುತ್ತಾನೆ, ಅದನ್ನು ಒಂದೇ ಏಟಿಗೆ ಸುರುಳಿಗೆ ಬಿಡುತ್ತಾನೆ. ಕಬ್ಬಿಣದ ಮೊಳೆ ಮದ್ದಿಲ್ಲದೆ, ಸದ್ದಿಲ್ಲದೆ ಹಾರುತ್ತದೆ. ಅದೂ ಇರಲಿ. ರಿಪೇರಿಗೆ ಕೈಹಾಕುವ ಮುಂಚೆ ಅವನು ಬೋರ್ಡಿನಿಂದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನಲ್ಲ, ಅಲ್ಲಿ ನಾನು ಪತ್ರಿಕೆ ಕೆಳಗಿಟ್ಟು ನಕ್ಕೆ. ತಿಳಿಯದವರು ಯಾರಾದರೂ ಬಂದು ಸ್ವಿಚ್ ಒತ್ತಿಯಾರು ಎಂದು ನಾವೂ ಮಾಡುವುದು ಅದನ್ನೇ. ಫ್ಯೂಸು ನಮ್ಮ ಜೇಬಿನಲ್ಲಿದ್ದರೆ ಜೀವವೂ ನಮ್ಮ ಜೇಬಿನಲ್ಲಿ. ಬರೆದವನು ಕೆಲಸ ಮಾಡಿದವನೇ ಎಂದು ನಂಬಿಕೆ ಬಂತು.

ಆದ್ದರಿಂದ ಕೇಳುತ್ತೇನೆ. ಎಷ್ಟು ಸುತ್ತು? ತಂತಿ ಎಷ್ಟು ದಪ್ಪ, ಯಾವ ಗೇಜು? ನೀವು ಮಾಡಿ ನೋಡಿದ್ದೀರಾ?

ಕಾರಣವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಕೆಳಗೆ ಕಡ್ಲೆಕಾಯಿ ಹೊಲದಲ್ಲಿ ತಂಗಿ ಜುಂಜಮ್ಮನ ಮೇಲೆ ಕರಡಿ ಬಿತ್ತು. ಜೀವ ಉಳಿಯಿತು, ಮುಖದ ಎಡಭಾಗ ಉಳಿಯಲಿಲ್ಲ. ಆ ಕರಡಿ ಈಗಲೂ ಬರುತ್ತದೆ. ಕೋವಿಗೆ ಲೈಸೆನ್ಸು ಸಿಗಲಿಲ್ಲ. ತಮ್ಮ ಸಣ್ಣರಂಗಯ್ಯ ಸೈನ್ಯದಲ್ಲಿದ್ದಾನೆ, ಚೀನದ ಗಡಿಯಲ್ಲಿ. ಅವನಿಗೆ ಸರ್ಕಾರವೇ ಕೋವಿ ಕೊಟ್ಟಿದೆ. ಅವನ ಕಾಗದ ತಡವಾದರೆ ಅವ್ವ ಊಟ ಬಿಡುತ್ತಾಳೆ. ನಾವು ಇಲ್ಲಿ ಹೊತ್ತು ಇಳಿಯುವ ಮುಂಚೆ ಬಾಗಿಲು ಹಾಕಿಕೊಳ್ಳುತ್ತೇವೆ.

ಇತಿ,
ಓಬಯ್ಯ


ಶಿರಾ
೨೦ ಆಗಸ್ಟ್ ೧೯೬೩

ಓಬಯ್ಯನವರಿಗೆ ಆದಾಬ್.

ನಿಮ್ಮ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಕೇಳದೆ ಹೋದವರನ್ನು ಕರೆದು ಹೇಳಿದೆ. ಮನೆಯವಳು ನಜ್ಮುನ್ನೀಸಾಗೆ ಎರಡು ಸಲ ಓದಿದೆ. ‘ಅಜಿ, ನಿಮ್ಮ ಕೋವಿ ನಮ್ಮನೆ ಇಲೀನಾದ್ರೂ ಹೊಡೀತದಾ?’ ಅಂದಳು. ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು.

ಸಂಪಾದಕರಿಗೂ ಅನುಮಾನವಿತ್ತು. ‘ಇದೆಲ್ಲ ಆಗುತ್ತದೆಯೇ?’ ಎಂದು ಬರೆದಿದ್ದರು. ಸ್ವಾಮಿ, ಮೋಟಾರು ತಿರುಗುವುದು ಯಾವ ಶಕ್ತಿಯಿಂದಲೋ ನನ್ನ ಮೊಳೆ ಹಾರುವುದೂ ಅದೇ ಶಕ್ತಿಯಿಂದ ಎಂದು ಉತ್ತರ ಕೊಟ್ಟೆ. ಮೋಟಾರಿನಲ್ಲಿ ಕಬ್ಬಿಣ ಸುತ್ತುತ್ತದೆ, ಇಲ್ಲಿ ನೆಟ್ಟಗೆ ಓಡುತ್ತದೆ. ಇಪ್ಪತ್ತು ವರ್ಷ ತಂತಿ ಸುತ್ತಿ ಬೆರಳು ಸವೆದವನು ನಾನು.

ಸುತ್ತಿನ ಲೆಕ್ಕ, ತಂತಿಯ ಗೇಜು, ಕಂಡೆನ್ಸರುಗಳನ್ನು ಜೋಡಿಸುವ ನಕ್ಷೆ ಹಿಂದಿನ ಹಾಳೆಯಲ್ಲಿವೆ. ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸಲು ಹಳೇ ರೇಡಿಯೋದ ರೆಕ್ಟಿಫೈಯರ್ ಸಾಕು. ಮಾಡಿ ನೋಡಿದ್ದೀರಾ ಎಂದು ಕೇಳಿದ್ದೀರಿ. ಅಡುಗೆಯವನನ್ನು ಉಂಡು ನೋಡಿದ್ದೀಯಾ ಎಂದು ಕೇಳಿದ ಹಾಗಾಯಿತು, ಬಿಡಿ!

ತಂಗಿಯ ವಿಷಯ ಓದಿ ಬೇಸರವಾಯಿತು. ಅಲ್ಲಾ ಅವರಿಗೆ ಒಳ್ಳೆಯದು ಮಾಡಲಿ.

ನಿಮ್ಮವ,
ಫಜಲುಲ್ಲಾ


ನಾಗಲಮಡಿಕೆ
೧೫ ಸೆಪ್ಟೆಂಬರ್ ೧೯೬೩

ಸಾಹೇಬರಿಗೆ ನಮಸ್ಕಾರ.

ಸುರುಳಿ ಸುತ್ತಿ ಆಯಿತು. ನಾಲ್ಕು ಕಂಡೆನ್ಸರು ಸಿಕ್ಕವು. ಮೊನ್ನೆ ಮೊದಲ ಸಲ ಹೊಡೆದು ನೋಡಿದೆ. ನಿಮ್ಮ ಕಥೆಯ ಮೊಳೆ ಯುದ್ಧದ ಟ್ಯಾಂಕಿನ ತಗಡು ತೂತು ಮಾಡುತ್ತದೆ. ನನ್ನದು ಕೊಳವೆಯಿಂದ ಹೊರಗೆ ಬಂದು ಆರು ಮಾರು ದೂರದಲ್ಲಿಟ್ಟ ಕುಂಬಳಕಾಯಿಗೆ ತಗುಲಿ ಕೆಳಗೆ ಬಿತ್ತು. ಕಾಯಿಗೆ ಗೀಟು ಬಿದ್ದಿತ್ತು, ಅಷ್ಟೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

ಒಂದು ವಿಷಯ ಕಂಡುಕೊಂಡೆ. ಮೊಳೆ ಸುರುಳಿಯ ನಡುವಿಗೆ ಬರುವ ತನಕ ಸುರುಳಿ ಅದನ್ನು ಮುಂದಕ್ಕೆ ಎಳೆಯುತ್ತದೆ. ನಡು ದಾಟಿದ ಮೇಲೂ ಕರೆಂಟು ಉಳಿದಿದ್ದರೆ ಅದೇ ಸುರುಳಿ ಹಿಂದಕ್ಕೆ ಎಳೆಯುತ್ತದೆ. ಒಂದು ಸಲ ಮೊಳೆ ಒಳಗೇ ನಿಂತುಬಿಟ್ಟಿತು. ಕಥೆಯಲ್ಲಿ ಇದರ ಮಾತೇ ಇಲ್ಲ. ವೀರಸೇನನ ಸುರುಳಿ ಬಿಸಿಯೂ ಆಗುವುದಿಲ್ಲ. ನನ್ನದು ಮೂರನೆಯ ಸಲಕ್ಕೆ ಮುಟ್ಟಲಾಗದಷ್ಟು ಕಾದಿತ್ತು. ತಪ್ಪು ಹುಡುಕುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಇದು ಕಥೆಯಲ್ಲ.

ಪ್ರತಿ ಸಲವೂ ನೀವು ಬರೆದಂತೆ ಫ್ಯೂಸು ಕಿತ್ತು ಹತ್ತಿರವೇ ಇಟ್ಟುಕೊಂಡು ಮುಟ್ಟುತ್ತೇನೆ.

ಕರಡಿ ಬುಧವಾರ ಬಂದಿತ್ತು. ಪಂಪ್‌ಮನೆಯ ಬಾಗಿಲನ್ನು ಕೆರೆಯಿತು. ಅದರ ಉಸಿರು ಕೇಳುತ್ತಿತ್ತು. ತಂಗಿ ಮೂಲೆಯಲ್ಲಿ ಕೂತವಳು ಬೆಳಗಾದ ಮೇಲೂ ಏಳಲಿಲ್ಲ. ಕಾಲು ಬರಲಿಲ್ಲ ಅವಳಿಗೆ. ಮೊಳೆಗೆ ಬಲ ಬರಬೇಕಾದರೆ ಏನು ಮಾಡಬೇಕು?

ಇತಿ,
ಓಬಯ್ಯ


ಶಿರಾ
೨೨ ಸೆಪ್ಟೆಂಬರ್ ೧೯೬೩

ಓಬಯ್ಯನವರೇ,

ನೀವು ಸಾಮಾನ್ಯರಲ್ಲ! ಮೊಳೆಯನ್ನು ಸುರುಳಿ ಹಿಂದಕ್ಕೆ ಎಳೆಯುವ ವಿಷಯ ನನಗೂ ಹೊಳೆದಿರಲಿಲ್ಲ. ಮುಂದಿನ ಕಂತಿನಲ್ಲಿ ವೀರಸೇನನ ಶತ್ರುವಿನ ಬಾಯಲ್ಲಿ ಹೇಳಿಸುತ್ತೇನೆ, ನೀವು ಬೇಡ ಎನ್ನಬಾರದು.

ಬಲದ ಮಾತು ಸುಲಭ. ವೀರಸೇನನ ಹತ್ತಿರ ನಲವತ್ತು ಕಂಡೆನ್ಸರುಗಳಿವೆ, ನಿಮ್ಮ ಹತ್ತಿರ ನಾಲ್ಕು. ಒಂದೆತ್ತು ಕಟ್ಟಿ ಉತ್ತು ನೆಲ ಗಟ್ಟಿ ಎಂದರೆ ಹೇಗೆ? ಬೆಂಗಳೂರಿನಲ್ಲಿ ಹಳೇ ಮಿಲಿಟರಿ ಸಾಮಾನು ಮಾರುವ ಅಂಗಡಿಗಳಲ್ಲಿ ದೊಡ್ಡ ದೊಡ್ಡ ಕಂಡೆನ್ಸರುಗಳು ಸಿಗುತ್ತವೆ. ಯಾರಾದರೂ ಹೋಗುವವರಿದ್ದರೆ ತರಿಸಿ. ಹೆಚ್ಚಿದಷ್ಟೂ ಏಟು ಹೆಚ್ಚು.

ಹೊಡೆದ ದಿನ ತಪ್ಪದೆ ಬರೆಯಿರಿ. ಸಂಪಾದಕರಿಗೆ ತೋರಿಸಬೇಕು.

ನಿಮ್ಮವ,
ಫಜಲುಲ್ಲಾ


ನಾಗಲಮಡಿಕೆ
೨೭ ಅಕ್ಟೋಬರ್ ೧೯೬೩

ಸಾಹೇಬರಿಗೆ ನಮಸ್ಕಾರ.

ದೀಪಾವಳಿಗೆ ಬಂದ ನೆಂಟರೊಬ್ಬರ ಕೈಲಿ ಹದಿನಾರು ಕಂಡೆನ್ಸರು ತರಿಸಿದೆ. ಒಂದೊಂದೂ ಇಟ್ಟಿಗೆ ಗಾತ್ರ. ಎಲ್ಲವನ್ನೂ ಹಲಗೆಯ ಮೇಲೆ ಬಿಗಿದು, ತಲೆಗಳನ್ನು ತಾಮ್ರದ ಪಟ್ಟಿಯಿಂದ ಸೇರಿಸಿದ್ದೇನೆ. ಮೊಳೆ ಈಗ ಕುಂಬಳಕಾಯಿಯ ಒಳಗೆ ಒಂದು ಗೆಣ್ಣು ಇಳಿಯುತ್ತದೆ. ಕರಡಿಯ ಚರ್ಮಕ್ಕೆ ಇದು ಸಾಲದು. ಇನ್ನೂ ಎಂಟು ಜೋಡಿಸಬೇಕು, ಅವು ಗುರುವಾರ ಬರುತ್ತವೆ.

ಒಂದು ಮಾತು ಕೇಳಬೇಕಿತ್ತು. ಶುಕ್ರವಾರ ಫ್ಯೂಸು ಕಿತ್ತು ಇಟ್ಟುಕೊಂಡು ತಾಮ್ರದ ಪಟ್ಟಿಗೆ ಕೈಹಾಕಿದೆ. ಯಾರೋ ಎದೆಗೆ ಒದ್ದ ಹಾಗಾಗಿ ಗೋಡೆಗೆ ಹೋಗಿ ಬಿದ್ದೆ. ಬಲಗೈ ಸಂಜೆಯವರೆಗೂ ಸತ್ತಂತಿತ್ತು. ಫ್ಯೂಸು ನನ್ನ ಹತ್ತಿರವೇ ಇತ್ತು ಸಾಹೇಬರೇ, ಮುಟ್ಟಿ ನೋಡಿಕೊಂಡೆ. ಪಂಪ್‌ಮನೆಯ ನೆಲ ತೇವ, ಅದರಿಂದ ಇರಬೇಕು. ಇನ್ನು ಒಣ ಹಲಗೆಯ ಮೇಲೆ ನಿಂತು ಮುಟ್ಟುತ್ತೇನೆ.

ಕಡ್ಲೆಕಾಯಿ ಕೀಳುವ ಹೊತ್ತು. ಕರಡಿ ದಿನಾ ಬರುತ್ತಿದೆ.

ಇತಿ,
ಓಬಯ್ಯ


ಶಿರಾ
೩೦ ಅಕ್ಟೋಬರ್ ೧೯೬೩

ಓಬಯ್ಯನವರೇ, ಮುಟ್ಟಬೇಡಿ.

ಇದನ್ನು ಓದುತ್ತಿರುವಲ್ಲೇ ನಿಲ್ಲಿಸಿ. ಮನೆಯಲ್ಲಿ ಯಾರನ್ನೂ ಆ ಹಲಗೆಯ ಹತ್ತಿರ ಬಿಡಬೇಡಿ. ಆಮೇಲೆ ಮುಂದೆ ಓದಿ.

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಬಂತು. ಫ್ಯೂಸು ಹತ್ತಿರ ಇದ್ದೂ ಹೊಡೆಯಿತು ಎಂಬ ಸಾಲು ಓದಿ ನನಗೂ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ರೇಡಿಯೋ ರಿಪೇರಿ ಮಾಡುವ ಬೈರಪ್ಪನಿಗೆ ತೋರಿಸಿದೆ. ಅವನು ನಗಲಿಲ್ಲ. ‘ಏನ್ ಸಾಬ್ರೇ ಇದು, ಫ್ಯೂಸ್ ಕಿತ್ರೆ ಹೊಸ ಕರೆಂಟ್ ಬರಾಕಿಲ್ಲ, ಅಷ್ಟೇಯ. ಒಳಗೆ ಸೇರ್ಕಂಡಿರೋದು ಎಲ್ಲೋಯ್ತದೆ? ಪಂಪ್ ನಿಲ್ಸ್‌ಬುಟ್ರೆ ತೊಟ್ಟೀಲಿರೋ ನೀರು ಇಂಗೋಯ್ತದಾ?’ ಅಂದ. ಒಂದು ರೇಡಿಯೋದ ವೈರನ್ನು ಗೋಡೆಯಿಂದ ಕಿತ್ತು, ಅರ್ಧ ಗಂಟೆ ಬಿಟ್ಟು, ಅದರ ಕಂಡೆನ್ಸರಿನ ಎರಡು ತಲೆಗೂ ಸ್ಕ್ರೂಡ್ರೈವರ್ ತಗುಲಿಸಿ ತೋರಿಸಿದ. ಪಟಾಕಿಯ ಹಾಗೆ ಸಿಡಿಯಿತು. ಹೆಬ್ಬೆರಳು ಗಾತ್ರದ ಒಂದೇ ಒಂದು ಕಂಡೆನ್ಸರು ಅದು. ನಿಮ್ಮಲ್ಲಿ ಇಟ್ಟಿಗೆ ಗಾತ್ರದವು ಹದಿನಾರು.

ನಾನು ಈ ಯಂತ್ರವನ್ನು ಮಾಡಿ ನೋಡಿಲ್ಲ. ಆಗಸ್ಟಿನಲ್ಲೇ ನೀವು ಕೇಳಿದಿರಿ, ನಾನು ನಗೆಮಾತು ಆಡಿ ತಪ್ಪಿಸಿಕೊಂಡೆ. ಮೋಟಾರು ಸುತ್ತುವವನಿಗೆ ಫ್ಯೂಸೇ ಕಾವಲು. ಮೋಟಾರಿನಲ್ಲಿ ಕರೆಂಟು ಉಳಿಯುವುದಿಲ್ಲ, ಹರಿದು ಹೋಗುತ್ತದೆ. ಗೊತ್ತಿದ್ದ ಅಭ್ಯಾಸವನ್ನು ಗೊತ್ತಿಲ್ಲದ ಯಂತ್ರಕ್ಕೆ ಅಂಟಿಸಿದೆ. ನೀವು ಆ ಸಾಲನ್ನೇ ಮೆಚ್ಚಿ ನನ್ನನ್ನು ನಂಬಿದಿರಿ. ಯಾ ಅಲ್ಲಾ, ಅದನ್ನೇ ನಂಬಿದಿರಿ!

ಮೊಳೆಯ ಸತ್ಯವೂ ಕೇಳಿ. ಬೈರಪ್ಪನ ಜೊತೆ ಕೂತು ಲೆಕ್ಕ ಹಾಕಿದೆ. ಕಂಡೆನ್ಸರಿನ ನೂರು ಪಾಲು ಶಕ್ತಿಯಲ್ಲಿ ಮೊಳೆಗೆ ಸಿಗುವುದು ಒಂದೋ ಎರಡೋ ಪಾಲು. ಮಿಕ್ಕದ್ದೆಲ್ಲ ಸುರುಳಿಯ ಬಿಸಿ. ನಿಮ್ಮೂರಿನ ಕುರಿ ಕಾಯುವವರ ಕವಣೆಕಲ್ಲು ನನ್ನ ಕೋವಿಗಿಂತ ಜೋರು. ಆ ಯಂತ್ರ ತನ್ನ ಮುಂದಿರುವ ಕರಡಿಯನ್ನು ಕೊಲ್ಲಲಾರದು. ಹಿಂದೆ ನಿಂತವರನ್ನು ಕೊಲ್ಲಬಲ್ಲದು.

ಕಂಡೆನ್ಸರು ಬಲ್ಲವರನ್ನು ಕರೆಸಿ, ತಂತಿ ಕಟ್ಟಿದ ಬಲ್ಬುಗಳ ಮೂಲಕ ಖಾಲಿ ಮಾಡಿಸಬೇಕು, ಬಲ್ಬು ಪೂರ್ತಿ ಕಪ್ಪಾಗಿ ಎಷ್ಟೋ ಹೊತ್ತಿನ ತನಕ. ನೀವಾಗಿ ಮಾಡಬೇಡಿ. ಈಗಷ್ಟೇ ತಂತಿ ಆಫೀಸಿಗೆ ಹೋಗಿ ಟೆಲಿಗ್ರಾಂ ಕೊಟ್ಟು ಬಂದೆ. ಅದು ಈ ಕಾಗದಕ್ಕಿಂತ ಮೊದಲು ಮುಟ್ಟುತ್ತದೆ. ಬೆಳಿಗ್ಗೆ ಬಸ್ಸಿಗೆ ನಾನೇ ಹೊರಡುತ್ತೇನೆ.

ಫಜಲುಲ್ಲಾ


ಶಿರಾ
೧೨ ನವೆಂಬರ್ ೧೯೬೩

ಓಬಯ್ಯನವರೇ,

ಎರಡು ವಾರವಾಗುತ್ತ ಬಂತು. ಒಂದು ಸಾಲು ಬರೆಯಿರಿ. ಬೈದು ಬರೆಯಿರಿ, ಪರವಾಗಿಲ್ಲ. ಅಂಚೆಯವನು ಬೀದಿಯ ತುದಿಯಲ್ಲಿ ಕಂಡರೆ ಸುತ್ತುತ್ತಿರುವ ತಂತಿ ಬಿಟ್ಟು ಬಾಗಿಲಿಗೆ ಬರುತ್ತೇನೆ. ಅವನು ಏನೂ ಕೊಡದೆ ಹೋದರೆ ಎಷ್ಟು ಸುತ್ತು ಆಗಿತ್ತೋ ಮರೆತು ಮೊದಲಿನಿಂದ ಸುತ್ತುತ್ತೇನೆ.

ಬರುತ್ತೇನೆ ಎಂದು ಬರೆದಿದ್ದೆ. ಬರಲಿಲ್ಲ. ಯಾಕೆ ಎಂದು ಮನೆಯಲ್ಲಿ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಗುರುವಾರ ಮೊದಲ ಬಸ್ಸಿಗೇ ಹೊರಟೆ. ಮಧುಗಿರಿಯಲ್ಲಿ ಇಳಿದು ಪಾವಗಡದ ಬಸ್ಸಿಗೆ ಕಾದೆ. ಬಸ್ಸು ಬಂತು. ಕಂಡಕ್ಟರು ‘ಹತ್ತೀರಾ ಸಾಬ್ರೇ?’ ಅಂದ. ಕಾಲು ಮೆಟ್ಟಿಲ ಮೇಲೆ ಇಟ್ಟೆ. ಪಂಪ್‌ಮನೆಯ ಮುಂದೆ ಜನ ಸೇರಿರುವುದು ಕಣ್ಣಿಗೆ ಕಟ್ಟಿತು. ಅಷ್ಟೂ ಜನ ತಿರುಗಿ ‘ನೀನ್ಯಾರು?’ ಎಂದು ಕೇಳುವುದು ಕಿವಿಗೆ ಬಿತ್ತು. ಕಾಲು ತೆಗೆದೆ.

ನಜ್ಮುನ್ನೀಸಾಗೆ ಬಸ್ಸು ಕೆಟ್ಟಿತ್ತು ಎಂದೆ. ಅವಳು ನನ್ನ ಮುಖ ನೋಡಿ ‘ಬಸ್ಸಾ?’ ಅಂದಳು.

ನಾನು ಹೇಡಿ. ಅದನ್ನು ಒಪ್ಪಿಕೊಳ್ಳುತ್ತೇನೆ. ನೀವು ಬದುಕಿದ್ದೀರಿ ಎಂದು ಒಂದು ಕಾರ್ಡು ಹಾಕಿ ಸಾಕು.

ಫಜಲುಲ್ಲಾ


ನಾಗಲಮಡಿಕೆ
೨೪ ನವೆಂಬರ್ ೧೯೬೩

ಫಜಲುಲ್ಲಾ ಸಾಹೇಬರಿಗೆ,

ಅಕ್ಷರ ಅದೇ ಎಂದು ನೀವು ಗುರುತು ಹಿಡಿಯಬಹುದು. ಹೆಸರು ಮಾತ್ರ ಬೇರೆ.

ಮೊದಲಿನಿಂದಲೂ ಬರೆದವಳು ನಾನು, ಓಬಯ್ಯನ ತಂಗಿ ಜುಂಜಮ್ಮ. ಪಾವಗಡದಲ್ಲಿ ಮಿಡ್ಲ್‌ಸ್ಕೂಲು ಓದಿದ್ದೇನೆ. ಮುಖ ಹೀಗಾದ ಮೇಲೆ ಹೊರಗೆ ಹೋಗುವುದಿಲ್ಲ. ಪಂಪ್‌ಮನೆಯ ಕೆಲಸವನ್ನು ಅಣ್ಣನ ಜೊತೆ ಕಲಿತೆ. ಸುರುಳಿ ಸುತ್ತಿದವಳು ನಾನು, ಕಂಡೆನ್ಸರು ಜೋಡಿಸಿದವಳು ನಾನು, ಶುಕ್ರವಾರ ಗೋಡೆಗೆ ಬಿದ್ದವಳೂ ನಾನು. ಹೆಂಗಸು ಕೇಳಿದರೆ ಸುತ್ತಿನ ಲೆಕ್ಕ ಕೊಡುತ್ತೀರೋ ಇಲ್ಲವೋ ಎಂದು ಅಣ್ಣನ ಹೆಸರು ಹಾಕಿದೆ. ಅಣ್ಣನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ನಿಮ್ಮ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ. ಇಲಿಯ ಮಾತು ಕೇಳಿ ಬಹಳ ನಕ್ಕಿದ್ದ.

ಅಣ್ಣ ಅಕ್ಟೋಬರ್ ಮೂವತ್ತೊಂದು, ಗುರುವಾರ ಬೆಳಿಗ್ಗೆ ತೀರಿಕೊಂಡ. ಯಂತ್ರವನ್ನು ಎತ್ತಿಡಲು ಹೋಗಿದ್ದ. ಫ್ಯೂಸು ಅವನ ಜೇಬಿನಲ್ಲಿತ್ತು.

ನಿಮ್ಮ ಕಾಗದ ಶನಿವಾರ ಬಂತು. ಎರಡನೆಯದೂ ಬಂತು. ಬರೆಯಲು ಕೈ ಬರಲಿಲ್ಲ.

ಜುಂಜಮ್ಮ


ಶಿರಾ
೨೯ ನವೆಂಬರ್ ೧೯೬೩

ತಂಗಿ ಜುಂಜಮ್ಮನವರಿಗೆ,

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಮೂರು ಸಲ. ಆ ಮಾತು ಇದಕ್ಕೆ ಸಾಲದು.

ಒಂದನ್ನು ಕೇಳದೆ ನನಗೆ ಅನ್ನ ಇಳಿಯುವುದಿಲ್ಲ. ನಿಮ್ಮ ಕಾಗದದಲ್ಲಿ ಶನಿವಾರ ಬಂದ ಕಾಗದದ ಮಾತಿದೆ, ತಂತಿಯ ಮಾತಿಲ್ಲ. ಬುಧವಾರ ನಾಲ್ಕು ಗಂಟೆಗೆ ನಾನು ಅದನ್ನು ಕೊಟ್ಟೆ. ಯಾವತ್ತು ಬಂತು? ಅಣ್ಣ ಹೋಗುವ ಮುಂಚೆಯೋ, ಆಮೇಲೋ?

ಯಾಕೆ ಕೇಳುತ್ತೇನೆ ಎಂದರೆ, ನಿಮ್ಮ ತಮ್ಮ ಗಡಿಯಲ್ಲಿರುವುದನ್ನು ಮೊದಲ ಕಾಗದದಲ್ಲೇ ಬರೆದಿದ್ದಿರಿ. ತಂತಿ ಕೊಡುವಾಗ ನನಗೆ ಅದು ನೆನಪಾಗಲಿಲ್ಲ. ಸಿಪಾಯಿಯ ಮನೆಗೆ ತಂತಿ ಬಂದರೆ ಅದನ್ನು ಯಾರೂ ಒಡೆದು ಓದುವುದಿಲ್ಲ, ಮೊದಲು ಅಳುತ್ತಾರೆ. ಹೋದ ವರ್ಷ ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ನನ್ನ ತಂತಿ ನಿಮ್ಮ ಮನೆಯಲ್ಲಿ ಏನು ಮಾಡಿತು? ಇದು ತಲೆಗೆ ಬಂದ ದಿನದಿಂದ ಅಂಗಡಿಯ ಬಾಗಿಲು ತೆಗೆದಿಲ್ಲ.

ಸಂಪಾದಕರು ಕೊನೆಯ ಕಂತು ಕೇಳುತ್ತಿದ್ದಾರೆ. ಅದರ ಜೊತೆ ಓದುಗರ ಮೂರು ಕಾಗದಗಳನ್ನೂ ಕಳಿಸಿದ್ದಾರೆ. ಕೊರಟಗೆರೆಯವರೊಬ್ಬರು ಸುತ್ತಿನ ಲೆಕ್ಕ ಕೇಳಿದ್ದಾರೆ. ತೋವಿನಕೆರೆಯವರು ಸುರುಳಿ ಸುತ್ತಿ ಆಗಿದೆ, ಕಂಡೆನ್ಸರು ಹುಡುಕುತ್ತಿದ್ದೇವೆ ಎಂದಿದ್ದಾರೆ. ಮೂರನೆಯದನ್ನು ಒಡೆಯಲು ಧೈರ್ಯವಾಗಲಿಲ್ಲ. ನಾನು ಪೆನ್ನು ಮುಟ್ಟಿದರೆ ಜನ ಸಾಯುತ್ತಾರೆ. ಇನ್ನು ಬರೆಯುವುದಿಲ್ಲ, ಯಾರಿಗೂ, ಏನನ್ನೂ.

ತಂತಿಯದು ಮಾತ್ರ ತಿಳಿಸಿ. ನಿಜವನ್ನೇ ತಿಳಿಸಿ.

ಫಜಲುಲ್ಲಾ


ನಾಗಲಮಡಿಕೆ
೮ ಡಿಸೆಂಬರ್ ೧೯೬೩

ಹುಲಿಕುಂಟೆಯ ಅಕ್ಕ ರಂಗಕ್ಕನಿಗೆ ಜುಂಜಮ್ಮ ಮಾಡುವ ನಮಸ್ಕಾರ.

ಈ ಕಾಗದವನ್ನು ಮೇಷ್ಟರ ಕೈಲಿ ಓದಿಸಬೇಡ, ಮಗಳ ಕೈಲಿ ಓದಿಸಿಕೋ.

ಅವತ್ತು ಏನಾಯಿತು ಎಂದು ತಿಥಿಯ ದಿನ ನೀನು ಕೇಳಿದೆ. ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ. ಗುರುವಾರ ಬೆಳಿಗ್ಗೆ ನಾನು ಯಂತ್ರಕ್ಕೆ ಕರೆಂಟು ತುಂಬಿಸಿದ್ದೆ, ಹೊಡೆದು ನೋಡಬೇಕು ಎಂದು. ಅಷ್ಟರಲ್ಲಿ ಅಂಚೆಯವನು ಸೈಕಲ್ ಇಳಿದು ‘ತಂತಿ ಐತಮ್ಮ’ ಅಂದ. ಇಂಗ್ಲಿಷಿನಲ್ಲಿತ್ತು. ಅವನಿಗೂ ಬರದು, ನನಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಇನ್ನೇನು ಇರುತ್ತದೆ? ಅವ್ವ ‘ಅಯ್ಯೋ ನನ್ನಪ್ಪಾ ಸಣ್ರಂಗಾ’ ಎಂದು ಕುಸಿದಳು. ಒಂದು ಗಳಿಗೆಯಲ್ಲಿ ತೋಟದ ಆಳುಗಳೆಲ್ಲ ಕೆಲಸ ಬಿಟ್ಟು ಬಂದರು.

ಅಣ್ಣ ಅಳಲಿಲ್ಲ. ‘ಜನ ಬತ್ತಾರೆ, ಕೂರಾಕೆ ಜಾಗ ಮಾಡ್ಬೇಕು ಕಣಮ್ಮ, ಈ ಮೆಷಿನ್ನ ಆಚೆ ಇಡ್ತೀನಿ, ಮಕ್ಳುಮರಿ ಮುಟ್ಬುಟ್ಟಾವು’ ಅಂದ. ನಾನು ದಿನಾ ಮಾಡುವುದನ್ನು ನೋಡಿದ್ದನಲ್ಲ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಎರಡು ಕೈಯಲ್ಲೂ ತಬ್ಬಿ ಎತ್ತಿದ. ನಾನು ಅವ್ವನ ತಲೆ ಹಿಡಿದು ಕೂತಿದ್ದೆ. ಸದ್ದು ಕೇಳಿ ತಿರುಗಿದೆ. ಅಷ್ಟೇ ಅಕ್ಕಾ.

ಮಧ್ಯಾಹ್ನ ಹೆಡ್‌ಮೇಷ್ಟರು ಬಂದು ತಂತಿ ಓದಿದರು. ಯಂತ್ರವನ್ನು ಮುಟ್ಟಬೇಡಿ, ಫ್ಯೂಸನ್ನು ನಂಬಬೇಡಿ ಎಂದಿತ್ತು. ಸಣ್ಣರಂಗಯ್ಯ ಚೆನ್ನಾಗಿದ್ದಾನೆ ಎಂದು ಅವ್ವನಿಗೆ ಎಷ್ಟು ಹೇಳಿದರೂ ಅವಳದು ಒಂದೇ ಮಾತು. ‘ತಂತಿ ಸುಳ್ಳೇಳಾಕಿಲ್ಲ ಕಣೆ. ಒಬ್ಬ ಮಗ ಹೋದ ಅಂತ ಬಂದಿತ್ತು. ಯಾವ ಮಗ ಅಂತ ನಂಗೇ ತಿಳೀನಿಲ್ಲ.’

ಅವ್ವನ ಈ ಮಾತು ಕೇಳಿಯೇ ನೀನು ಹೇಳಿ ಹೋದೆ, ‘ಆ ಸಾಬರಿಗೆ ಬರಿ, ನಿನ್ನ ತಂತೀನೇ ನನ್ನ ತಮ್ಮನ್ನ ತಿಂತು ಅಂತ ಬರಿ, ಉರ್ಕೊಂಡು ಸಾಯ್ಲಿ’ ಅಂತ. ಅವರು ಅದನ್ನೇ ಕೇಳಿ ಬರೆದಿದ್ದಾರೆ. ಊಹೆ ಮಾಡಿದ್ದಾರೆ, ನಾನು ಹೂಂ ಎನ್ನುವುದೊಂದು ಬಾಕಿ.

ಅನ್ನಬೇಕು ಎಂದು ನನಗೂ ಸಿಟ್ಟಿದೆ. ಲೆಕ್ಕ ಕೊಟ್ಟವರು ಅವರು, ಇನ್ನೂ ಜೋಡಿಸು ಎಂದವರು ಅವರು, ಬಸ್ಸು ಹತ್ತದೆ ಹೋದವರು ಅವರು. ಆದರೆ ಕರೆಂಟು ತುಂಬಿದವಳು ನಾನು. ಒಂದು ಸಲ ಒದೆಸಿಕೊಂಡ ಮೇಲೂ ತೇವದ ನೆಲದ ಮೇಲೆ ತಪ್ಪು ಹೊರಿಸಿದವಳು ನಾನು. ಈ ಪಾಲು ಹಂಚುವುದು ನನ್ನಿಂದಾಗದು. ತೋವಿನಕೆರೆಯಲ್ಲಿ ಯಾರೋ ಇದೇ ಯಂತ್ರ ಮಾಡುತ್ತಿದ್ದಾರಂತೆ. ಅವರಿಗೆ ಹೇಳಬಲ್ಲವರು ಇವರೊಬ್ಬರೇ, ಇವರು ಹೆದರಿ ಪೆನ್ನು ಕೆಳಗಿಟ್ಟಿದ್ದಾರೆ. ಕರಡಿ ಬಿದ್ದ ಮೇಲೆ ನಾನು ಮೂಲೆ ಹಿಡಿದು ಕೂತೆನಲ್ಲ, ಹಾಗೇ ಕೂತಿದ್ದಾರೆ. ನಿಜ ಹೇಳಿದರೆ ಏಳುವುದಿಲ್ಲ.

ಅದಕ್ಕೆ ಇವತ್ತು ಅವರಿಗೆ ಬೇರೆ ಕಾಗದ ಬರೆಯುತ್ತೇನೆ. ನೀನು ಸಿಟ್ಟಾದರೆ ಆಗು. ಯಾರ ಮುಂದೆಯೂ ಬಾಯಿ ಬಿಡಬೇಡ, ಅಣ್ಣನ ಆಣೆ.

ನಿನ್ನ ತಂಗಿ,
ಜುಂಜಮ್ಮ


ನಾಗಲಮಡಿಕೆ
೮ ಡಿಸೆಂಬರ್ ೧೯೬೩

ಫಜಲುಲ್ಲಾ ಸಾಹೇಬರಿಗೆ ನಮಸ್ಕಾರ.

ಅಂಗಡಿಯ ಬಾಗಿಲು ತೆಗೆಯಿರಿ. ಇವತ್ತೇ ತೋವಿನಕೆರೆಗೂ ಕೊರಟಗೆರೆಗೂ ಕಾಗದ ಹಾಕಿ. ಮೂರನೆಯ ಕಾಗದವನ್ನು ಒಡೆದು ಓದಿ, ಅದಕ್ಕೂ ಉತ್ತರ ಬರೆಯಿರಿ. ತಂತಿ ಕೊಡಬೇಡಿ, ಕಾಗದ ಸಾಕು, ಕನ್ನಡದಲ್ಲಿ. ತೋವಿನಕೆರೆಗೆ ಮಾತ್ರ ನೀವೇ ಹೋಗಬೇಕು. ಕಾಲು ಬರದಿದ್ದರೆ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೊನೆಯ ಕಂತು ಬರೆಯಿರಿ. ವೀರಸೇನನನ್ನು ಸಾಯಿಸುವ ಯೋಚನೆ ನಿಮಗೆ ಬಂದಿರಬಹುದು. ಬೇಡ. ಅವನು ಸತ್ತರೆ ಓದುವವರು ಅಳುತ್ತಾರೆ, ಕಲಿಯುವುದಿಲ್ಲ. ನಾನಾಗಿದ್ದರೂ ಅತ್ತು, ಆಮೇಲೆ ಯಂತ್ರ ಮಾಡುತ್ತಿದ್ದೆ. ಅವನ ಮೊಳೆ ಕುಂಬಳಕಾಯಿಯಲ್ಲಿ ಸಿಕ್ಕಿಕೊಳ್ಳಲಿ. ಟ್ಯಾಂಕಿನ ಮೇಲಿನ ಸಿಪಾಯಿಗಳು ಅದನ್ನು ನೋಡಿ ನಗಲಿ. ಯಂತ್ರ ಬಿಚ್ಚುವಾಗ ಅವನು ಬಲ್ಬು ಹಚ್ಚಿ, ಅದು ಕಪ್ಪಾಗುವ ತನಕ ಕಾಯಲಿ, ಆಮೇಲೂ ಕಾಯಲಿ. ಅದನ್ನು ಒಂದು ಪುಟ ಬರೆಯಿರಿ. ಓದುವವರಿಗೆ ಬೇಸರ ಬರಬೇಕು, ಅಷ್ಟು ಹೊತ್ತು ಕಾಯಿಸಿ. ಸಂಪಾದಕರು ತೆಗೆಯಿರಿ ಎಂದರೆ ತೆಗೆಯಬೇಡಿ.

ನಮ್ಮ ಯಂತ್ರವನ್ನು ಪಾವಗಡದ ಕರೆಂಟಿನವರು ಬಂದು ಖಾಲಿ ಮಾಡಿ ಬಿಚ್ಚಿದರು. ಸಣ್ಣರಂಗಯ್ಯನ ಕಾಗದ ಬಂದಿದೆ, ಸುಗ್ಗಿಗೆ ರಜಾ ಕೇಳಿದ್ದಾನೆ. ಕರಡಿ ಬರುವುದು ನಿಂತಿಲ್ಲ. ಈಗ ಪಂಪ್‌ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ.

ನೀವು ಬಸ್ಸು ಹತ್ತಿ ಬಂದಿದ್ದರೂ ಸಾವಿನ ಮನೆಗೇ ಬರುತ್ತಿದ್ದಿರಿ. ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ತಂತಿಯ ವಿಷಯ ಕೇಳಿದ್ದೀರಿ, ನಿಜ ಹೇಳಿ ಎಂದಿದ್ದೀರಿ. ತಂತಿ ಶುಕ್ರವಾರ ಬಂತು, ಅಣ್ಣ ಹೋದ ಮಾರನೆಯ ದಿನ. ಹೆಡ್‌ಮೇಷ್ಟರು ಅಲ್ಲೇ ಇದ್ದರು, ಒಡೆದು ಓದಿ ಹೇಳಿದರು. ನಮ್ಮಲ್ಲಿ ಯಾರೂ ಹೆದರಲಿಲ್ಲ.

ಇತಿ,
ಜುಂಜಮ್ಮ